ಕುಷ್ಟಗಿ ಕಡೆಯ ಕೈನೂಲಿನ ಉಣ್ಣೆ ಮನೆಯ ಹೆಣಿಗೆಗೆ ಒಗ್ಗುತ್ತದೆಯೇ?

ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ದಖನಿ ತಳಿಯ ಕುರಿ ಸಾಕಿ ಕಂಬಳಿ ನೇಯುವ ಕುಟುಂಬವೊಂದು, ತಾನೇ ನೂತ ಉಣ್ಣೆಯ ನೂಲನ್ನು ಲಡಿ ಲೆಕ್ಕದಲ್ಲಿ ಮಾರುತ್ತದೆ. ಕಳೆದ ಚಳಿಗಾಲದಲ್ಲಿ ಅವರಿಂದ ಎರಡು ಕಿಲೋ ನೂಲು ತಂದು, ಈವರೆಗೆ ಎರಡು ಆಸನ, ಒಂದು ಕೈಚೀಲ ಮತ್ತು ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗುವ ತಂದೆಯವರಿಗಾಗಿ ತೋಳಿಲ್ಲದ ಸ್ವೆಟರ್ ಹೆಣೆದಿದ್ದೇನೆ.

ಇದು ಮೆತ್ತನೆಯ ಉಣ್ಣೆಯಲ್ಲ. ಮೆತ್ತನೆಯ ಉಣ್ಣೆಗೆ ಹೆಸರಾದ ಮೆರಿನೊ ಕುರಿಯ ಎಳೆ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್) ತೆಳುವಾಗಿದ್ದರೆ, ದಖನಿ ಕುರಿಯ ಎಳೆ ಅದಕ್ಕಿಂತ ಬಹಳ ದಪ್ಪ, ಕೂದಲಿನಷ್ಟು ಒರಟು. ಕೂಸಿನ ಕುಲಾವಿಗೆ ಇದನ್ನು ಖಂಡಿತ ಬಳಸಬಾರದು. ಆದರೆ ಅಂಗಿಯ ಮೇಲೆ ತೊಡುವ ಸ್ವೆಟರ್‌ಗೆ, ನೆಲಕ್ಕೆ ಹಾಸುವ ಆಸನಕ್ಕೆ, ಭಾರ ಹೊರುವ ಚೀಲಕ್ಕೆ ಇಷ್ಟು ಗಟ್ಟಿಯಾದ ನೂಲು ನನಗೆ ಬೇರೆಲ್ಲೂ ಸಿಕ್ಕಿಲ್ಲ. ಬಣ್ಣ ಹಾಕದ ಕರಿ, ಬೂದು ಛಾಯೆಗಳು ಕುರಿಯ ಮೈಬಣ್ಣವೇ ಆಗಿರುವುದರಿಂದ ತೊಳೆದಾಗ ನೀರಿಗೆ ಬಣ್ಣ ಬಿಡುವುದಿಲ್ಲ.

ನನಗೆ ತೊಡಕಾದದ್ದು ನೂಲಿನ ಹುರಿ, ಅಂದರೆ ನೂಲುವಾಗ ಎಳೆಗೆ ಕೊಡುವ ತಿರುವು. ಮೊದಲ ಆಸನವನ್ನು 10 ನಂಬರಿನ ತೆಳು ಕಡ್ಡಿಯಲ್ಲಿ ಬರೀ ಸೀದಾ-ಉಲ್ಟಾ ಸಾಲುಗಳಲ್ಲಿ ಹೆಣೆದಾಗ, ಕುಣಿಕೆಗಳ ಎಣಿಕೆ ಸರಿಯಿದ್ದರೂ ಚೌಕ ಒಂದು ಮಗ್ಗುಲಿಗೆ ವಾಲಿತು. ಎರಡು ಬಾರಿ ಬಿಚ್ಚಿದರೂ ಹಾಗೆಯೇ ಆಯಿತು. ಆ ಮನೆಯ ಹಿರಿಯ ಹೆಣ್ಣುಮಗಳಿಗೆ ತೋರಿಸಿದಾಗ ಅವರು ಬೆರಳಿನಿಂದ ನೂಲು ಸವರಿ, “ಇದು ನೇಯಾಕ ತೆಗೆದ ನೂಲವ್ವಾ, ಹೆಣಿಯಾಕ ಬೇಕಂದ್ರ ಎರಡೆಳಿ ಕೂಡಿಸಿ ಹೊಳ್ಳಿ ಹುರಿ ಹಾಕಬೇಕು” ಎಂದರು. ಮಗ್ಗದ ಎಳೆತ ತಾಳಲೆಂದು ಒಂಟಿ ಎಳೆಗೆ ಬಿಗಿಯಾದ ಹುರಿ ಕೊಟ್ಟಿರುತ್ತಾರೆ. ಆ ಹುರಿ ಬಿಚ್ಚಿಕೊಳ್ಳಲು ಹವಣಿಸುವಾಗ ಪ್ರತಿ ಕುಣಿಕೆಯನ್ನೂ ಒಂದೇ ಕಡೆಗೆ ಎಳೆಯುತ್ತದೆ. ಅವರು ತಕಲಿಯಲ್ಲಿ ತೋರಿಸಿಕೊಟ್ಟಂತೆ ಎರಡೆಳೆ ಸೇರಿಸಿ ವಿರುದ್ಧ ದಿಕ್ಕಿಗೆ ತಿರುವಿ, ಲಡಿಯನ್ನು ನೆನೆಸಿ, ಕೆಳಗೊಂದು ತಂಬಿಗೆ ತೂಗಬಿಟ್ಟು ಒಣಗಿಸಿದ ಮೇಲೆ, 5 ಮಿಲಿಮೀಟರ್ ದಪ್ಪದ 6 ನಂಬರಿನ ಕಡ್ಡಿಯಲ್ಲಿ ಹೆಣೆದ ಚೌಕ ನೇರವಾಗಿ ಕುಳಿತಿತು. ಈ ಪಾಠಕ್ಕೆ ಅವರು ಹಣ ಕೇಳಲಿಲ್ಲ. ಯಾವ ಅಂಗಡಿಯಲ್ಲೂ ಇದು ನನಗೆ ದೊರೆಯುತ್ತಿರಲಿಲ್ಲ.

ದೋಷವನ್ನೂ ಹೇಳಬೇಕು. ಒಂದು ಲಡಿಯ ತುಂಬ ಹುಲ್ಲಿನ ಮುಳ್ಳುಗಳಿದ್ದು, ಅವನ್ನು ಆರಿಸುವುದರಲ್ಲೇ ಒಂದು ಸಂಜೆ ಕಳೆಯಿತು. ವರ್ಷಕ್ಕೆರಡು ಬಾರಿ ಉಣ್ಣೆ ಕತ್ತರಿಸುವ ಮುನ್ನ ಕುರಿಗಳನ್ನು ಹಳ್ಳಕ್ಕಿಳಿಸಿ ಮೈ ತೊಳೆಸುವುದು ವಾಡಿಕೆ. ಆ ಸಲ ಹಳ್ಳದಲ್ಲಿ ನೀರಿರಲಿಲ್ಲವಂತೆ. ಕಾರಣ ಒಪ್ಪತಕ್ಕದ್ದೇ ಆದರೂ, ಅಂಥ ಲಡಿಯನ್ನು ಬೇರೆ ಇಟ್ಟು ಬೆಲೆ ಇಳಿಸಿದ್ದರೆ ಸರಿಯಾಗುತ್ತಿತ್ತು. ಹೆಣೆದದ್ದನ್ನು ಬಿಸಿನೀರಿನಲ್ಲಿ ಉಜ್ಜಿದರೆ ಕುಗ್ಗಿ ಗಂಟಾಗುತ್ತದೆ, ಆದ್ದರಿಂದ ತಣ್ಣೀರಿನಲ್ಲಿ ಅದ್ದಿ ಹಿಂಡದೆ ನೆರಳಿನಲ್ಲಿ ಹರವುತ್ತಿದ್ದೇನೆ.

ಮುಂದಿನ ಬಾರಿ ಎರಡೆಳೆಯ ನೂಲನ್ನೇ ಮಾಡಿಕೊಡಲು ಹೇಳಿದ್ದೇನೆ, ಕೂಲಿ ಹೆಚ್ಚು ಕೊಡಲು ಒಪ್ಪಿದ್ದೇನೆ. ಕರಿ ನೂಲು ಬೇಕಾದವರು ಕತ್ತರಿ ಹಾಕುವ ಮೊದಲೇ ತಿಳಿಸಬೇಕು, ಏಕೆಂದರೆ ಕಂಬಳಿಗೆ ಅದೇ ಮೊದಲು ಹೋಗುತ್ತದೆ.