ಕುವೈತ್ ಧೂಳಿಗೆ ಏರ್ ಪ್ಯೂರಿಫೈಯರ್ ತಗೋಬೇಕಾ? ಮೂರು ವರ್ಷ ಬಳಸಿ ಬರೀತಿದ್ದೀನಿ

ಮಂಗಾಫ್, ಫಹಾಹೀಲ್ ಕಡೆ ಹೊಸದಾಗಿ ಬಂದಿರೋ ನಮ್ಮ ಕಡೆ ಹುಡುಗೀರು ಮೂರ್ನಾಲ್ಕು ಜನ ಇದನ್ನೇ ಕೇಳ್ತಿದ್ರು, ಅಕ್ಕಾ ಧೂಳಿಗೆ ಆ ಮಷೀನ್ ತಗೊಂಡ್ರೆ ಪ್ರಯೋಜನ ಇದ್ಯಾ ಸುಮ್ನೆ ದುಡ್ಡು ದಂಡಾನಾ ಅಂತ. ಎಲ್ಲರಿಗೂ ಫೋನಲ್ಲಿ ಬೇರೆ ಬೇರೆಯಾಗಿ ಹೇಳೋ ಬದ್ಲು ಒಂದೇ ಸಲ ಬರೆದುಬಿಡ್ತೀನಿ. ತಗೊಳ್ಳಿ. ಆದ್ರೆ ಮಷೀನ್ ಆನ್ ಮಾಡೋಕೆ ಮುಂಚೆ ಕಿಟಕಿ ನೋಡಿ, ಇದನ್ನ ಯಾವ ಅಂಗಡಿಯವನೂ ನಂಗೆ ಹೇಳ್ಲಿಲ್ಲ. ಬ್ರಾಂಡ್ ಹೆಸರು ಹಾಕಲ್ಲ, ಒಳಗಿರೋ ಫಿಲ್ಟರ್ ಮತ್ತೆ ಗಾಳಿ ಎಳೆಯೋ ತಾಕತ್ತು ನೋಡ್ಕೊಂಡ್ರೆ ಸಾಕು, ಹೆಸರು ಯಾವುದಾದ್ರೂ ನಡಿಯುತ್ತೆ.

ನಾವು ಬಂದಿದ್ದು 2011ರ ಜನವರಿ. ಎರಡೇ ತಿಂಗಳಿಗೆ, ಮಾರ್ಚ್ 25, ಶುಕ್ರವಾರ, ಆ ದೊಡ್ಡ ಧೂಳು ಬಂತು. ಇಲ್ಲಿ ಹಳಬರು ಈಗ್ಲೂ ಅದನ್ನ ನೆನೆಸ್ಕೋತಾರೆ. ರಜಾ ದಿನ ಅಂತ ಬಾಲ್ಕನಿ ತುಂಬಾ ಬಟ್ಟೆ ಒಣಹಾಕಿದ್ದೆ, ಸಂಜೆ ಹೊತ್ತಿಗೆ ಕಟ್ಟಡಗಳ ಹಿಂದೆ ಕಂದು ಬಣ್ಣದ ಗೋಡೆ ಥರ ಎದ್ದು ಬರ್ತಿರೋದು ಕಾಣಿಸ್ತು, ನಾನು ಸಾಗರದವಳು, ಮೋಡ ಕವಿಯೋದು ಅಂದ್ರೆ ಮಳೆ ಅಂತ್ಲೇ ಗೊತ್ತಿರೋದು, ಮಳೆ ಬರುತ್ತೆ ಅನ್ಕೊಂಡು ಬಟ್ಟೆ ತೆಗಿಯೋಕೆ ಹೋದೆ. ಎರಡು ಸೀರೆ ತೆಗೆಯೋಷ್ಟ್ರಲ್ಲಿ ಕತ್ತಲಾಯ್ತು. ಎದುರಿನ ಬಿಲ್ಡಿಂಗ್ ಮಾಯ. ಬಾಯಲ್ಲಿ ಮಣ್ಣು. ಇಲ್ಲಿನವರು ಇದಕ್ಕೆ ಗುಬಾರ್ ಅಂತಾರೆ ಅಂತ ಅವತ್ತು ನಮ್ಮ ಬಿಲ್ಡಿಂಗಿನ ಹಾರಿಸ್ ಹೇಳಿದ್ದು, ಹಾರಿಸ್ ಅಂದ್ರೆ ನಮ್ಮಲ್ಲಿ ವಾಚ್‌ಮನ್ ಇರ್ತಾರಲ್ಲ ಹಾಗೆ.

ಆಗ ಇನ್ನೂ ಮಕ್ಕಳಿರ್ಲಿಲ್ಲ, ಎರಡು ದಿನ ಕ್ಲೀನ್ ಮಾಡಿ ಮರ್ತೆ. 2022ರ ಮೇ ತಿಂಗಳಲ್ಲಿ ಮಾತ್ರ ಮರಿಯೋಕೆ ಆಗ್ಲಿಲ್ಲ, ಯಾಕಂದ್ರೆ ಮಗನಿಗೆ ಆರು ವರ್ಷ, ವೀಜಿಂಗ್, ಅಂದ್ರೆ ಉಸಿರಾಡೋವಾಗ ಎದೆ ಸುಂಯ್ ಅನ್ನೋ ತೊಂದ್ರೆ ಇತ್ತು, ಔಷಧೀನ ಮಂಜಿನ ಥರ ಮಾಡಿ ಉಸಿರಲ್ಲಿ ಕೊಡೋ ನೆಬ್ಯುಲೈಜರ್ ಮನೇಲಿ ಇಟ್ಕೊಂಡಿದ್ವಿ. ಆ ವರ್ಷ ಇರಾಕ್ ಕಡೆಯಿಂದ ಒಂದರ ಹಿಂದೆ ಒಂದು ಬರ್ತಾನೇ ಇತ್ತು, ಅಲ್ಲಿ ಸಾವಿರಾರು ಜನ ಉಸಿರಾಟದ ತೊಂದ್ರೆಯಿಂದ ಆಸ್ಪತ್ರೆಗೆ ಹೋದ್ರು. ಮೇ 16 ಸೋಮವಾರ ಇಲ್ಲಿ ಏರ್‌ಪೋರ್ಟಲ್ಲಿ ವಿಮಾನ ನಿಲ್ಲಿಸಿದ್ರು, ಸರಿಯಾಗಿ ಒಂದು ವಾರ ಬಿಟ್ಟು 23ಕ್ಕೆ ಇನ್ನೊಂದ್ಸಲ. ಆ ಎರಡು ಸೋಮವಾರದ ಮಧ್ಯೆ ನಾವು ಮಷೀನ್ ತಗೊಂಡಿದ್ದು. ಹಾಗಾಗಿ ಮಷೀನ್ ಇಲ್ದೆ ಹೇಗಿತ್ತು, ಇದ್ದಾಗ ಹೇಗಿತ್ತು ಅನ್ನೋದು ನನ್ನ ಕಣ್ಣಾರೆ ನೋಡಿದ್ದು.

16ನೇ ತಾರೀಕು ಬೆಳಿಗ್ಗೆ ಎದ್ದಾಗ ರೂಮೆಲ್ಲ ಕಿತ್ತಳೆ ಬಣ್ಣ. ಕಿಟಕಿ ಮುಚ್ಚೇ ಇದೆ, ಪರದೆ ಎಳೆದೇ ಇದೆ, ಆದ್ರೂ ಗಂಟಲಲ್ಲಿ ಕರಕರ ಅಂತಿತ್ತು. ಇಲ್ಲಿ ಉತ್ತರ ಪಶ್ಚಿಮದಿಂದ ಬೀಸೋ ಗಾಳಿಗೆ ಶಮಾಲ್ ಅಂತಾರೆ, ನಮ್ಮ ಬೆಡ್‌ರೂಮ್ ಕಿಟಕಿ ಅದೇ ದಿಕ್ಕಿಗಿದೆ. ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿ, ಕೆಳಗಡೆ ಹಳಿಯಲ್ಲಿ ಮಳೆ ನೀರು ಹೊರಗೆ ಹೋಗ್ಲಿ ಅಂತ ಸಣ್ಣ ತೂತು ಬಿಟ್ಟಿರ್ತಾರೆ, ನೀವು ನಿಮ್ಮ ಮನೆಯಲ್ಲೂ ನೋಡಿ. ಆ ತೂತಿನ ನೇರಕ್ಕೆ ಒಳಗಿನ ಕಲ್ಲಿನ ಮೇಲೆ ಧೂಳು ಬೀಸಣಿಗೆ ಬಿಚ್ಚಿದ ಹಾಗೆ ಹರಡಿತ್ತು, ತೂತಿನ ಹತ್ರ ದಪ್ಪ, ಹೋಗ್ತಾ ಹೋಗ್ತಾ ತೆಳು, ಯಾರೋ ರಂಗೋಲಿ ಪುಡಿ ಊದಿದ ಹಾಗೆ. ಬೆರಳಲ್ಲಿ ಮುಟ್ಟಿದ್ರೆ ಮರಳು ಅನ್ನಿಸೋದೇ ಇಲ್ಲ, ಟಾಲ್ಕಮ್ ಪೌಡರ್ ಅಷ್ಟು ನುಣುಪು. ಮರಳಿನ ಕಾಳು ದಪ್ಪ ಇರುತ್ತೆ, ಅದು ಬೇಗ ಕೆಳಗೆ ಬೀಳುತ್ತೆ, ಮೂಗಲ್ಲೇ ನಿಲ್ಲುತ್ತೆ. ಈ ನುಣುಪು ಪುಡಿನೇ ಗಂಟೆಗಟ್ಟಲೆ ಗಾಳೀಲಿ ತೇಲ್ತಾ ಇರೋದು, ಎದೆ ಒಳಗೆ ಹೋಗೋದು. ಮಧ್ಯಾಹ್ನಕ್ಕೆ ಮಗನಿಗೆ ಉಸಿರು ಸುಂಯ್ ಸುಂಯ್ ಅನ್ನೋಕೆ ಶುರು, ಎರಡು ಸಲ ನೆಬ್ಯುಲೈಜರ್ ಕೊಟ್ರೂ ಇಳೀಲಿಲ್ಲ, ರಾತ್ರಿ ಕ್ಲಿನಿಕ್ಕಿಗೆ ಹೋದಾಗ ಅಲ್ಲಿ ಕಾರಿಡಾರ್ ತುಂಬಾ ಮಕ್ಕಳು. ಅವನನ್ನ ಎದೆಗೆ ಒರಗಿಸ್ಕೊಂಡು ಕೂತಿದ್ದಾಗ ಅವನ ಪಕ್ಕೆ ಒಳಗೆ ಹೋಗಿ ಹೊರಗೆ ಬರೋದು ನನ್ನ ಕೈಗೆ ಗೊತ್ತಾಗ್ತಿತ್ತು. ಮಾರನೇ ದಿನವೇ ಹೋಗಿ 62 ದಿನಾರ್ ಕೊಟ್ಟು ತಂದ್ವಿ.

ಈಗ ಮಷೀನ್ ವಿಷ್ಯ. ಕೊಳ್ಳೋವಾಗ ಅಂಗಡಿಯವರು ವೈಫೈ, ಆಪ್, ಬಣ್ಣದ ಲೈಟು ಎಲ್ಲ ತೋರಿಸ್ತಾರೆ, ಅದ್ಯಾವುದೂ ಬೇಡ. ಡಬ್ಬದ ಮೇಲೆ ಸಿಎಡಿಆರ್ ಅಂತ ಒಂದು ನಂಬರ್ ಇರುತ್ತೆ, ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಶುದ್ಧ ಮಾಡಿ ಕೊಡುತ್ತೆ ಅಂತ, ಅದನ್ನ ನೋಡಿ. ನಿಮ್ಮ ರೂಮಿನ ಉದ್ದ ಅಗಲ ಎತ್ತರ ಗುಣಿಸಿ, ಅದನ್ನ ಐದರಿಂದ ಗುಣಿಸಿ. ನಮ್ಮ ಬೆಡ್‌ರೂಮ್ 4 ಮೀಟರ್, 3.5 ಮೀಟರ್, ಎತ್ತರ 2.8, ಅಂದ್ರೆ 39 ಘನ ಮೀಟರ್ ಚಿಲ್ಲರೆ, ಐದು ಪಟ್ಟು ಅಂದ್ರೆ ಸುಮಾರು 200. ನಮ್ಮ ಮಷೀನ್ 400. ಡಬಲ್ ಯಾಕೆ ಅಂದ್ರೆ ಫುಲ್ ಸ್ಪೀಡಲ್ಲಿ ಅದು ಹಳೇ ಮಿಕ್ಸಿ ಥರ ಕೂಗುತ್ತೆ, ರಾತ್ರಿ ಅರ್ಧ ಸ್ಪೀಡಲ್ಲಿ ಇಟ್ಟಾಗ್ಲೂ ಸಾಕಾಗ್ಬೇಕು. ಒಳಗೆ ನಿಜವಾದ ಹೆಪಾ ಫಿಲ್ಟರ್, ಅಂದ್ರೆ ತುಂಬಾ ಸಣ್ಣ ಕಣಾನೂ ಹಿಡಿಯೋ ಫಿಲ್ಟರ್ ಇರ್ಬೇಕು, ಹೆಪಾ ಟೈಪ್ ಅಂತ ಬರೆದಿದ್ರೆ ಬಿಟ್ಟುಬಿಡಿ. ಕಾರ್ಬನ್ ಫಿಲ್ಟರ್ ವಾಸನೆಗೆ, ಧೂಳಿಗೆ ಅದ್ರಿಂದ ಏನೂ ಆಗಲ್ಲ. ಅಯಾನೈಜರ್ ಬಟನ್ ಇದ್ರೆ ಆಫ್ ಮಾಡಿಡಿ, ಅದ್ರಿಂದ ಓಝೋನ್ ಬರ್ಬೋದು, ವೀಜಿಂಗ್ ಇರೋ ಮಗುವಿಗೆ ಅದು ಒಳ್ಳೇದಲ್ಲ.

23ಕ್ಕೆ ಮತ್ತೆ ಬಂತಲ್ಲ, ಅವತ್ತು ಮಷೀನ್ ಹಾಲಲ್ಲಿ ಇಟ್ಟಿದ್ದೆ, ಎಲ್ಲರೂ ಅಲ್ಲೇ ಇರ್ತೀವಿ ಅಂತ. ಮಷೀನಲ್ಲಿ ಕಾಣೋ ಪಿಎಂ 2.5 ನಂಬರ್, ಅಂದ್ರೆ ಗಾಳೀಲಿರೋ ತುಂಬಾ ಸಣ್ಣ ಕಣಗಳ ಲೆಕ್ಕ, 480ರಲ್ಲಿ ಕೂತ್ಕೊಂಡುಬಿಡ್ತು. ಒಂದು ಗಂಟೆ ಆಯ್ತು, ಎರಡು ಗಂಟೆ ಆಯ್ತು, 450, 470, 460. ಇಳಿಯೋ ಮಾತೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನದ ಸರಾಸರಿ 15 ದಾಟಬಾರ್ದು ಅನ್ನುತ್ತೆ. ನಂಗೆ ಅಳು ಬಂತು, ಇಷ್ಟು ದುಡ್ಡು ಕೊಟ್ಟು ತಂದು ಹೀಗಾಯ್ತಲ್ಲ ಅಂತ. ಆಮೇಲೆ ನಮ್ಮ ಮನೆಯವರು ಅಡುಗೆಮನೆಗೆ ನೀರು ಕುಡಿಯೋಕೆ ಹೋದವರು ಅಲ್ಲಿಂದ್ಲೇ ಕೂಗಿದ್ರು, ಎಕ್ಸಾಸ್ಟ್ ಫ್ಯಾನ್ ಯಾರು ಹಾಕಿದ್ದು ಅಂತ. ಬೆಳಿಗ್ಗೆ ಒಗ್ಗರಣೆ ಹಾಕಿದಾಗ ಆನ್ ಮಾಡಿದ್ದು ನಾನೇ, ಹಾಗೇ ಮರ್ತಿದ್ದೆ. ಫ್ಯಾನು ಮನೆ ಗಾಳೀನ ಹೊರಗೆ ತಳ್ತಾ ಇದ್ರೆ ಅಷ್ಟೇ ಗಾಳಿ ಎಲ್ಲಿಂದಾದ್ರೂ ಒಳಗೆ ಬರ್ಲೇಬೇಕಲ್ಲ, ಕಿಟಕಿ ಸಂದಿ, ಬಾಗಿಲ ಕೆಳಗೆ, ಬಾತ್‌ರೂಮ್ ತೂತು ಎಲ್ಲ ಕಡೆಯಿಂದ ಧೂಳು ಎಳ್ಕೊಂಡು ಬರ್ತಿತ್ತು. ಮಷೀನ್ ಒಂದು ಕಡೆ ತೆಗೀತಾ ಇದೆ, ನಾವೇ ಇನ್ನೊಂದು ಕಡೆ ತುಂಬಿಸ್ತಾ ಇದ್ದೀವಿ.

ಫ್ಯಾನ್ ಆಫ್ ಮಾಡಿ, ಬಾತ್‌ರೂಮ್ ಎಕ್ಸಾಸ್ಟ್ ತೂತಿಗೆ ಪ್ಲಾಸ್ಟಿಕ್ ಕವರ್ ಮುಚ್ಚಿ ಟೇಪ್ ಹಾಕಿ, ಮಷೀನ್ ಎತ್ಕೊಂಡು ಹೋಗಿ ಬೆಡ್‌ರೂಮಲ್ಲಿ ಇಟ್ವಿ. ಕಿಟಕಿ ಹಳಿಯ ತೂತಿಗೆ ಒದ್ದೆ ಹತ್ತಿ ತುರುಕಿ, ಸಂದಿಗೆಲ್ಲ ಪೇಂಟಿನವರ ಮಾಸ್ಕಿಂಗ್ ಟೇಪ್ ಹಚ್ಚಿ, ಬಾಗಿಲ ಕೆಳಗೆ ಒದ್ದೆ ಟವೆಲ್ ಸುತ್ತಿ ಇಟ್ಟು, ಮೂರೂ ಜನ ಒಳಗೆ ಕೂತ್ವಿ. ಆನ್ ಮಾಡಿದಾಗ 310. ಅರ್ಧ ಗಂಟೆಗೆ 40. ರಾತ್ರಿ ಹನ್ನೊಂದಕ್ಕೆ 12. ಹೊರಗಡೆ ಬೀದಿ ದೀಪ ಹಳದಿ ಚುಕ್ಕಿ ಥರ ಕಾಣ್ತಿತ್ತು, ಒಳಗೆ ಮಗ ಬಾಯಿ ಮುಚ್ಕೊಂಡು ಮೂಗಲ್ಲಿ ಉಸಿರಾಡ್ತಾ ಮಲಗಿದ್ದ. ಅವತ್ತು ನೆಬ್ಯುಲೈಜರ್ ತೆಗೀಲೇ ಇಲ್ಲ. 62 ದಿನಾರ್ ಅವತ್ತೇ ವಸೂಲಾಯ್ತು ಅಂತ ಅನ್ಕೊಂಡೆ.

ಅದಕ್ಕೇ ಹೇಳೋದು, ಇಡೀ ಮನೆಗೆ ಒಂದು ಮಷೀನ್ ಅಂತ ಆಸೆ ಇಟ್ಕೋಬೇಡಿ. ಒಂದು ರೂಮ್ ಆರಿಸ್ಕೊಳ್ಳಿ, ಅದನ್ನ ಬಿಗಿಯಾಗಿ ಮುಚ್ಚಿ, ಅಲ್ಲಿ ಇಡಿ. ಈಗ ನಾನು ಪ್ರತಿ ವರ್ಷ ಹಾರ್ಡ್‌ವೇರ್ ಅಂಗಡಿಯಿಂದ ಫೋಮ್ ಟೇಪ್ ತಂದು ಕಿಟಕಿ ಅಂಚಿಗೆ ಅಂಟಿಸ್ತೀನಿ, ಒಂದು ರೋಲಿಗೆ ಒಂದು ದಿನಾರ್ ಕೂಡ ಆಗಲ್ಲ. ಸ್ಲೈಡಿಂಗ್ ಕಿಟಕಿ ಮಧ್ಯೆ ಬ್ರಷ್ ಥರ ಕೂದಲಿನ ಪಟ್ಟಿ ಇರುತ್ತಲ್ಲ, ಅದು ಸವೆದಿದ್ರೆ ಹಾರಿಸ್‌ಗೆ ಹೇಳಿ ಬದಲಾಯಿಸ್ಕೊಳ್ಳಿ. ಸ್ಪ್ಲಿಟ್ ಎಸಿ ಓಡಿಸ್ಬೋದು, ಅದು ರೂಮಿನ ಗಾಳೀನೇ ತಿರುಗಿಸೋದು.

ಇನ್ನು ಕಂಪ್ಲೇಂಟು. ಫಿಲ್ಟರ್ ಬದಲಾಯಿಸಿ ಅಂತ ಕೆಂಪು ದೀಪ ಬರುತ್ತಲ್ಲ, ಅದು ಬರೀ ಗಂಟೆ ಲೆಕ್ಕ, ಫಿಲ್ಟರ್ ಎಷ್ಟು ತುಂಬಿದೆ ಅಂತ ಅದಕ್ಕೆ ಗೊತ್ತಿಲ್ಲ. ಆ ಮೇ ತಿಂಗಳಾದ ಮೇಲೆ ದೀಪ ಹಸಿರೇ ಇತ್ತು, ತೆಗೆದು ನೋಡಿದ್ರೆ ಬಿಳಿ ಮಡಿಕೆಗಳು ಬಿಸ್ಕೆಟ್ ಬಣ್ಣ. ಒರಿಜಿನಲ್ ಫಿಲ್ಟರ್ 18 ದಿನಾರ್. ಒಂದ್ಸಲ ಆಸೆ ಬಿದ್ದು 6 ದಿನಾರಿನ ಲೋಕಲ್ ಫಿಲ್ಟರ್ ತಂದೆ, ಅಳತೆ ಸರಿ ಇರ್ಲಿಲ್ಲ, ಅಂಚಲ್ಲಿ ಅಕ್ಕಿ ಕಾಳಷ್ಟು ಸಂದಿ, ತಿಂಗಳ ಮೇಲೆ ಬಿಚ್ಚಿದಾಗ ಶುದ್ಧ ಗಾಳಿ ಬರೋ ಒಳಮೈ ಮೇಲೇ ಧೂಳಿನ ಗೆರೆ. ಆಮೇಲೆ ಆ ತಪ್ಪು ಮಾಡಿಲ್ಲ. ಹೊರಗಿನ ಜಾಲರಿ ಮಾತ್ರ ತೊಳೀಬೋದು, ಹೆಪಾ ತೊಳೀಬಾರ್ದು.

ಎರಡನೇ ವರ್ಷ ಮನೇಲಿ ಏನೂ ಧೂಳಿಲ್ದೆ ಇದ್ರೂ ನಂಬರ್ 999 ತೋರ್ಸೋಕೆ ಶುರುವಾಯ್ತು. ಸರ್ವಿಸ್‌ಗೆ ತಗೊಂಡು ಹೋದ್ರೆ, ಅಂಗಡಿ ಹೆಸರು ಬೇಡ ಬಿಡಿ, ಒಳಗೆ ಧೂಳು ಹೋಗಿದೆ ವಾರಂಟಿ ಬರಲ್ಲ, ಸೆನ್ಸರ್ ಬದಲಾಯಿಸೋಕೆ 15 ದಿನಾರ್ ಅಂದ್ರು. ಧೂಳು ತೆಗಿಯೋಕೆ ಅಂತ ಮಾರಿದ ಮಷೀನಿಗೆ ಧೂಳು ಹೋಗಿದೆ ಅಂತ ವಾರಂಟಿ ಇಲ್ಲ ಅನ್ನೋದು ತಪ್ಪು, ಅವರಿಗೆ ಮುಖದ ಮೇಲೇ ಹೇಳಿ ಬಂದೆ. ಮನೆಗೆ ಬಂದು ಮ್ಯಾನುಯಲ್ ಓದಿದ್ರೆ ಪಕ್ಕದಲ್ಲಿ ಸಣ್ಣ ಮುಚ್ಚಳ, ಒಳಗೆ ಲೆನ್ಸ್, ಒಣ ಕಾಟನ್ ಬಡ್ಸಲ್ಲಿ ಒರೆಸಿ ಅಂತ ಬರೆದಿದೆ. ಒರೆಸಿದೆ, ಸರಿಹೋಯ್ತು. ನಿಮ್ಮದಕ್ಕೂ ಹಾಗಾದ್ರೆ ಮೊದ್ಲು ಅದನ್ನ ಮಾಡಿ. ಇನ್ನೊಂದು, ಈ ಸೆನ್ಸರ್‌ಗಳು ಸಣ್ಣ ಕಣ ಎಣಿಸೋದ್ರಲ್ಲಿ ಜೋರು, ದಪ್ಪ ಧೂಳು ಕಮ್ಮಿ ತೋರ್ಸುತ್ತೆ, ನಂಬರ್ ಚೆನ್ನಾಗಿದೆ ಅಂತ ಧೂಳಿನ ದಿನ ಕಿಟಕಿ ತೆಗೀಬೇಡಿ.

ಗಾಳಿ ನಿಂತ ಮೇಲಿನ ಕೆಲಸ ಮಷೀನ್ ಮಾಡಲ್ಲ. ನೆಲದ ಮೇಲೆ ಕೂತಿರೋ ಧೂಳು ಅದಕ್ಕೆ ಸಿಗಲ್ಲ, ನಾವು ಎಬ್ಬಿಸಿದ್ರೆ ಮಾತ್ರ ಸಿಗೋದು. ಅಮ್ಮ ವಿಡಿಯೋ ಕಾಲಲ್ಲಿ ನೋಡಿ, "ಪೊರಕೆ ಮುಟ್ಬೇಡ ಕಣೇ, ಮೊದ್ಲು ನೀರು ಚಿಮುಕ್ಸು" ಅಂದ್ಲು, ಊರಲ್ಲಿ ಅಂಗಳ ಗುಡಿಸೋವಾಗ ಮಾಡೋ ಹಾಗೆ. ಪೊರಕೆ ಬೇಡ ಅಂದಿದ್ದು ನೂರಕ್ಕೆ ನೂರು ಸರಿ. ಆದ್ರೆ ಟೈಲ್ಸ್ ಮೇಲೆ ನೀರು ಚಿಮುಕಿಸಿದ್ರೆ ಈ ಪುಡಿ ಕಲಸಿದ ಸಿಮೆಂಟ್ ಥರ ಆಗಿ ಸಂದಿಯಲ್ಲಿ ಕೂತ್ಕೊಳ್ಳುತ್ತೆ. ಮೊದ್ಲು ಎಸಿ ಫಿಲ್ಟರ್ ತೆಗೆದು ತೊಳಿಯಿರಿ, ಇಲ್ಲಾಂದ್ರೆ ಒರೆಸಿದ್ದರ ಮೇಲೆ ಅದೇ ಮತ್ತೆ ಉದುರಿಸುತ್ತೆ. ಪರದೆ ಒದರಬೇಡಿ, ಹಾಗೇ ಮಡಚಿ ನೆನೆಹಾಕಿ. ಮೇಲಿಂದ ಕೆಳಗೆ ಹಿಂಡಿದ ಒದ್ದೆ ಬಟ್ಟೆ, ಒಂದೊಂದು ಕಪಾಟಿಗೂ ನೀರು ಬದಲಾಯಿಸಿ. ಟಿವಿ, ಕಾರಿನ ಗಾಜು ಒಣ ಬಟ್ಟೇಲಿ ಉಜ್ಜಿದ್ರೆ ಗೀರು ಬೀಳುತ್ತೆ. ಬಾಲ್ಕನಿಯದ್ದನ್ನ ಒದ್ದೆ ಪೇಪರ್ ಹಾಸಿ ಒಟ್ಟು ಮಾಡಿ ಕವರಿಗೆ ತುಂಬಿ, ಪೈಪಿಗೆ ತಳ್ಳಿದ್ರೆ ಕಟ್ಕೊಳ್ಳುತ್ತೆ. ಈ ಕೆಲಸ ಮಾಡೋವಾಗ ಮಾಸ್ಕ್ ಹಾಕ್ಕೊಳ್ಳಿ, ಆ ರೂಮಲ್ಲಿ ಮಷೀನ್ ಫುಲ್ ಸ್ಪೀಡಲ್ಲಿ ಓಡ್ಲಿ, ಮಕ್ಕಳು ಬೇರೆ ರೂಮಲ್ಲಿರ್ಲಿ.

ಬಾಲ್ಕನಿಯಲ್ಲಿ ಒಂದು ತುಳಸಿ ಕುಂಡ ಇದೆ, ಊರಿಂದ ತಂದ ಬೀಜದ್ದು. 2022ರಲ್ಲಿ ಅದರ ಎಲೆ ಹಸಿರು ಅನ್ನೋದೇ ಕಾಣ್ತಿರ್ಲಿಲ್ಲ, ಮಣ್ಣಲ್ಲಿ ಮಾಡಿದ ಗಿಡ ಥರ ನಿಂತಿತ್ತು. ಬಕೆಟ್ ನೀರು ಸುರಿದ್ರೆ ದಂಟು ಮುರಿಯುತ್ತೆ ಅಂತ ನಾನೂ ಮಗನೂ ಕೂತು ಚಮಚದಲ್ಲಿ ನೀರು ಬಿಟ್ಟು ಒಂದೊಂದೇ ಎಲೆ ಬೆರಳಲ್ಲಿ ತೊಳೆದ್ವಿ, ಅರ್ಧ ಗಂಟೆ ಹಿಡೀತು. ಈಗ ಎಚ್ಚರಿಕೆ ಮೆಸೇಜ್ ಬಂದ ತಕ್ಷಣ ಅವನೇ ಹೋಗಿ ಕುಂಡ ಒಳಗೆ ತರ್ತಾನೆ.

ಒಟ್ಟು ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಟ್ ಮಾಡಿದ್ದು ಫಿಲ್ಟರ್ ರೇಟಿಗೆ ಮತ್ತೆ ಆ ಸರ್ವಿಸ್‌ಗೆ. ಮನೇಲಿ ಮಗು, ವಯಸ್ಸಾದವರು, ಬಸುರಿ ಹೆಂಗಸು ಯಾರಾದ್ರೂ ಇದ್ರೆ ಯೋಚನೆ ಮಾಡ್ಬೇಡಿ, ತಗೊಳ್ಳಿ. ಆದ್ರೆ ಇದು ಔಷಧಿ ಅಲ್ಲ, ಇನ್‌ಹೇಲರ್ ನಿಲ್ಲಿಸ್ಬೇಡಿ. 2025ರ ಏಪ್ರಿಲ್‌ನಲ್ಲಿ ಬಸ್ರಾ, ನಜಫ್ ಏರ್‌ಪೋರ್ಟ್ ಮುಚ್ಚಿದ ಸುದ್ದಿ ನೋಡಿದ ತಕ್ಷಣ ನಾನು ಕಿಟಕಿಗೆ ಟೇಪ್ ಹಚ್ಚೋಕೆ ಶುರು ಮಾಡಿದ್ದೆ, ಇರಾಕಿನ ದಕ್ಷಿಣದಲ್ಲಿ ಎದ್ದಿದ್ದು ಇಲ್ಲಿಗೆ ಬರೋಕೆ ಹೆಚ್ಚು ಹೊತ್ತು ಬೇಡ. ಮತ್ತೆ ಮಾರ್ಚ್ ಕೊನೆಯಿಂದ ಸರಾಯಾತ್ ಸೀಸನ್, ಗುಡುಗು ಮಳೆ ಜೊತೆ ಧೂಳು ಹೇಳ್ದೆ ಕೇಳ್ದೆ ಬರುತ್ತೆ. ಹೊಸ ಫಿಲ್ಟರ್ ಫೆಬ್ರವರಿಯಲ್ಲೇ ತಂದು ಕಪಾಟಿನ ಮೇಲೆ ಕವರ್ ಬಿಚ್ಚದೆ ಇಟ್ಕೊಳ್ಳಿ, ಮೇ ತಿಂಗಳಲ್ಲಿ ಹೋದಾಗ ನಾಲ್ಕು ಅಂಗಡಿ ಸುತ್ತಿದ್ರೂ ನಂಗೆ ಸಿಕ್ಕಿರ್ಲಿಲ್ಲ.