ಬೀಡಿನ ಬಾಣಲೆ ಮತ್ತು ಒಂದೇ ಪಾತ್ರೆಯ ಚಿಕನ್ ಪಾಸ್ತಾ: ಮಳೆಗಾಲದ ಅನುಭವ

ಜೂನ್‌ನಲ್ಲಿ ಮಳೆ ಹಿಡಿದ ವಾರ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿದ್ದಾಗ ಒಂದು ಪಾತ್ರೆ ಅಂಗಡಿಯಲ್ಲಿ ಈ ಬೀಡಿನ, ಅಂದರೆ ಎರಕದ ಕಬ್ಬಿಣದ, ಬಾಣಲೆ ತಗೊಂಡೆ. ಹತ್ತು ಇಂಚು ಅಗಲ, ಎರಡೂವರೆ ಇಂಚು ಆಳ, 1,650 ರೂಪಾಯಿ. ಮುಚ್ಚಳ ಇಲ್ಲ. ಕೇಳಿದ್ದಕ್ಕೆ "ಮನೇಲಿರೋ ಯಾವ್ದಾದ್ರೂ ತಟ್ಟೆ ಮುಚ್ಚಿ ಸಾರ್" ಅಂದರು. ಆ ತಟ್ಟೆಯ ಕಥೆ ಆಮೇಲೆ ಹೇಳುತ್ತೇನೆ.

ತಗೊಂಡಿದ್ದಕ್ಕೆ ಕಾರಣ ಸೋಮಾರಿತನ. ರಾತ್ರಿ ಎಂಟಕ್ಕೆ ಮನೆಗೆ ಬಂದು, ಪಾಸ್ತಾ ಬೇಯಿಸಲು ಒಂದು ಪಾತ್ರೆ, ಬಸಿಯಲು ಒಂದು ಜರಡಿ, ಚಿಕನ್ನಿಗೆ ಇನ್ನೊಂದು ಬಾಣಲೆ, ಇಷ್ಟನ್ನೆಲ್ಲ ತೊಳೆಯುವವರು ಯಾರು?

ಚಿಕನ್ ವಿಷಯದಲ್ಲಿ ಈ ಬಾಣಲೆಗೆ ಪೂರ್ತಿ ಅಂಕ. ನಾನು ಹಾಕುವುದು ಮೂಳೆ ತೆಗೆದ ತೊಡೆಯ ಮಾಂಸ, 400 ಗ್ರಾಂ. ಎದೆಯ ಭಾಗ ಬೇಡ, ಪಾಸ್ತಾ ಬೇಯುವಷ್ಟರಲ್ಲಿ ಒಣಗಿ ನಾರು ನಾರಾಗುತ್ತದೆ. ಉಪ್ಪು, ತೀರ್ಥಹಳ್ಳಿಯಿಂದ ಅತ್ತೆ ಕಳಿಸಿದ ಕಾಳುಮೆಣಸಿನ ತರಿ, ಅಷ್ಟೇ. ಬಾಣಲೆಯನ್ನು ಸಣ್ಣ ಉರಿಯಲ್ಲಿ ಐದು ನಿಮಿಷ ಸುಮ್ನೆ ಕಾಯಲು ಬಿಡಬೇಕು. ಬೀಡು ಬೇಗ ಕಾಯುವುದಿಲ್ಲ, ಆದರೆ ಒಮ್ಮೆ ಕಾದರೆ ಫ್ರಿಜ್ಜಿನಿಂದ ತೆಗೆದ ತಣ್ಣನೆ ಮಾಂಸ ಹಾಕಿದರೂ ಜಗ್ಗುವುದಿಲ್ಲ. ಮೊದಲ ಎರಡು ಮೂರು ನಿಮಿಷ ತುಂಡುಗಳು ಅಡಿಗೆ ಕಚ್ಚಿಕೊಂಡು ಕೂರುತ್ತವೆ. ಸಟ್ಟುಗದಲ್ಲಿ ಕೆರೆಯಲು ಹೋಗಬೇಡಿ. ಅಡಿ ಕೆಂಪಾದ ಮೇಲೆ ತಾವಾಗಿಯೇ ಬಿಡುತ್ತವೆ. ನನ್ನ ಹಳೇ ತೆಳು ನಾನ್‌ಸ್ಟಿಕ್‌ನಲ್ಲಿ ಚಿಕನ್ ನೀರು ಬಿಟ್ಟುಕೊಂಡು ಬೆಳ್ಳಗೆ ಬೇಯುತ್ತಿತ್ತು, ಈ ಬಣ್ಣ ಯಾವತ್ತೂ ಬರಲಿಲ್ಲ.

ಚಿಕನ್ ತೆಗೆದಿಟ್ಟು ಅದೇ ಜಿಡ್ಡಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಎರಡು ಟೊಮೆಟೊ, ಎರಡು ಸೂಜಿ ಮೆಣಸು. ಆಮೇಲೆ 200 ಗ್ರಾಂ ಪೆನ್ನೆ (ಕೊಳವೆಯಂಥ ಪಾಸ್ತಾ), 600 ಎಂ.ಎಲ್. ಬಿಸಿನೀರು. ನೀರು ಬಿದ್ದ ಕೂಡಲೇ ಅಡಿಯಲ್ಲಿ ಹತ್ತಿದ ಕಂದು ಪದರವನ್ನೆಲ್ಲ ಉಜ್ಜಿ ಬಿಡಿಸಿ, ರುಚಿ ಇರುವುದೇ ಅಲ್ಲಿ. ಪಾಸ್ತಾದ ಗಂಜಿಯನ್ನು ಬಸಿದು ಚೆಲ್ಲುವುದಿಲ್ಲವಲ್ಲ, ಅದೇ ಸಾಸನ್ನು ಗಟ್ಟಿ ಮಾಡುತ್ತದೆ. ಕ್ರೀಮ್ ಬೇಕಾಗಿಲ್ಲ. ಒಂದ್ಸಲ ಹಾಲು ಹಾಕಿ ನೋಡಿದೆ, ಟೊಮೆಟೊ ಹುಳಿಗೆ ಒಡೆದು ಹೋಯಿತು. ಅರ್ಧ ಬೆಂದ ಮೇಲೆ ಚಿಕನ್ ವಾಪಸ್ ಹಾಕಿ, ಪಾಸ್ತಾ ಪೂರ್ತಿ ಬೆಂದ ಮೇಲೆ ಒಲೆ ಆರಿಸಿ, ಕೊನೆಗೆ ಚೀಸ್.

ಈಗ ತಟ್ಟೆ. ಅದು ಒಂದು ಕಡೆ ಜಾರಿ, ಆವಿಯೆಲ್ಲ ಹೋಗಿ, ಒಂಬತ್ತೇ ನಿಮಿಷಕ್ಕೆ ನೀರು ಖಾಲಿ. ಪಾಸ್ತಾ ಕಚ್ಚಿ ನೋಡಿದರೆ ನಡುವೆ ಬಿಳಿ ಸುಣ್ಣದ ಹಾಗೆ. ಅರ್ಧ ಲೋಟ ಬಿಸಿನೀರು ಹಾಕಿ ಬಚಾವಾದೆ. ಈಗ ಇಡ್ಲಿ ಪಾತ್ರೆಯ ಮುಚ್ಚಳ ಕೂರಿಸುತ್ತೇನೆ, ಪ್ಯಾಕೆಟ್ ಮೇಲೆ 11 ನಿಮಿಷ ಅಂತಿದ್ದರೂ ಇದರಲ್ಲಿ 14 ಆಗುತ್ತದೆ. ಇಷ್ಟು ದುಡ್ಡಿಗೆ ಒಂದು ಮುಚ್ಚಳ ಕೊಡಬಹುದಿತ್ತು, ಅಲ್ವಾ?

ಇನ್ನೊಂದು ಎಡವಟ್ಟು ಪೂರ್ತಿ ನನ್ನದೇ. ಒಂದು ರಾತ್ರಿ ಉಳಿದ ಪಾಸ್ತಾ ಬಾಣಲೆಯಲ್ಲೇ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಸಾಸ್ ಬೂದಿ ಬಣ್ಣ, ನಾಲಗೆಗೆ ಕಬ್ಬಿಣದ ರುಚಿ, ಬಾಣಲೆಯ ಕರಿ ಹೊಳಪು ತೇಪೆ ತೇಪೆಯಾಗಿ ಎದ್ದಿತ್ತು. ಅಮ್ಮ ಬಂದು ನೋಡಿ, "ಬೀಡಲ್ಲಿ ಯಾರಾದ್ರೂ ಹುಳಿ ಇಡ್ತಾರಾ? ಅದಕ್ಕಲ್ವಾ ಕಲ್ಲಿನ ಪಾತ್ರೆ ಇರೋದು" ಅಂದರು. ಉಜ್ಜಿ, ಒಲೆ ಮೇಲೆ ಒಣಗಿಸಿ, ಎಣ್ಣೆಯನ್ನು ತೆಳ್ಳಗೆ ಸವರಿ ಹೊಗೆ ಬರುವ ತನಕ ಕಾಯಿಸಿದೆ. ಮೂರು ಸಲ ಮಾಡಿದ ಮೇಲೆ ಸರಿಯಾಯಿತು. ಟೊಮೆಟೊ ಹಾಕಿ ಇಪ್ಪತ್ತು ನಿಮಿಷ ಬೇಯಿಸಿದರೆ ಏನೂ ಆಗುವುದಿಲ್ಲ, ಅದರಲ್ಲೇ ಇಟ್ಟರೆ ಮಾತ್ರ ಕೆಡುತ್ತದೆ. ನಮ್ಮ ಮಳೆಗಾಲದಲ್ಲಂತೂ ತೊಳೆದು ಹಾಗೇ ಕವುಚಿಟ್ಟರೆ ಬೆಳಗಾಗುವಷ್ಟರಲ್ಲಿ ಕೇಸರಿ ತುಕ್ಕು.

ಹಿಡಿಯೂ ಕಬ್ಬಿಣದ್ದೇ, ಬಟ್ಟೆ ಇಲ್ಲದೆ ಮುಟ್ಟಬೇಡಿ. ಇಬ್ಬರಿಗೆ ಈ ಅಳತೆ ಸರಿ. ನೆಂಟರು ಬಂದ ದಿನ ಎಲ್ಲವನ್ನೂ ಎರಡರಷ್ಟು ಹಾಕಿ ಒಲೆಯೆಲ್ಲ ಗಂಜಿ ಮಾಡಿಕೊಂಡೆ. ನಾಲ್ಕು ಜನ ಇದ್ದರೆ 12 ಇಂಚಿನದ್ದೇ ನೋಡಿ, ಆದರೆ ತಗೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಕೈಯಲ್ಲಿ ಎತ್ತಿ ನೋಡಿ. ನನ್ನದನ್ನೇ ಅಮ್ಮ ಎರಡು ಕೈಯಲ್ಲಿ ಹಿಡಿದು ಇಳಿಸುತ್ತಾರೆ.