120 ರೂಪಾಯಿಯ ಭೂತಗನ್ನಡಿ

ಮಗಳಿಗೆ ಐದು ತುಂಬಿದಾಗ ಆನ್‌ಲೈನ್‌ನಲ್ಲಿ 650 ರೂಪಾಯಿಗೆ ಮಕ್ಕಳ ಬೈನಾಕ್ಯುಲರ್ ತರಿಸಿದ್ದೆ. ದುಡ್ಡು ದಂಡ. ಗೊರೂರು ಹಿನ್ನೀರಿಗೆ ಹೋದಾಗ, ಶೆಟ್ಟಿಹಳ್ಳಿಯ ಹಳೇ ಚರ್ಚಿನ ಹತ್ತಿರ ನಿಂತು "ಅಗೋ ಮಿಂಚುಳ್ಳಿ!" ಅಂತ ನಾನು ತೋರಿಸುವುದು, ಅವಳು ಮೋಡ ನೋಡುವುದು. ಅವಳ ಕಣ್ಣಿಗೆ ಅದು ಹೊಂದುವಷ್ಟರಲ್ಲಿ ಹಕ್ಕಿ ಜಾಗ ಖಾಲಿ ಮಾಡಿರುತ್ತಿತ್ತು.

ಆಮೇಲೊಂದು ದಿನ ಹಾಸನದಲ್ಲಿ ನೋಟ್‌ಬುಕ್ ತರಲು ಹೋದವಳು ಸುಮ್ನೆ ಒಂದು ಭೂತಗನ್ನಡಿ ತಂದೆ. 120 ರೂಪಾಯಿ. ಕಪ್ಪು ಪ್ಲಾಸ್ಟಿಕ್ ಹಿಡಿ, ಗಾಜಿನ ಮಸೂರ, ಅಂಗೈಯಷ್ಟು ಅಗಲ. ನೋಡೋಕೆ ಏನೂ ಚಂದ ಇಲ್ಲ.

ಯುಗಾದಿಗೆ ಮೂಡಿಗೆರೆ ಕಡೆ ನನ್ನ ತವರಿಗೆ ಹೋಗಿದ್ದೆವು. ತೋಟದಲ್ಲಿ ಚಗಳಿ ಇರುವೆಯ ಎಲೆಗೂಡು ಸಿಕ್ಕಿತು. ಅಪ್ಪ ಅದರ ಒಂದೆಲೆ ಬಿಡಿಸಿ ಅಂಗಳಕ್ಕೆ ತಂದರು. ಅವರ ಕೈಗೆ ನಾಲ್ಕೈದು ಕಚ್ಚಿದವು, ಅದು ಬೇರೆ ಮಾತು. ಮಗಳು ಬಗ್ಗಿ ನೋಡಿ, "ಅಜ್ಜ, ಬಾಯಲ್ಲಿ ಬಿಳಿ ಬಿಳಿ ಏನೋ ಕಚ್ಕೊಂಡಿದೆ!" ಅಂದಳು. "ಅದರ ಪಾಪು ಕಣೆ. ಪಾಪುವಿನ ಬಾಯಿಂದ ಬರುವ ನೂಲಲ್ಲೇ ಎಲೆ ಹೊಲೀತಾವೆ" ಅಂದರು ಅಪ್ಪ. ಅವಳು ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ. ಅಮ್ಮ "ಚಟ್ನಿ ಮಾಡೋಣ್ವಾ?" ಅಂದದ್ದಕ್ಕೆ ಜೋರಾಗಿ ಅತ್ತಳು. ಚಗಳಿ ಚಟ್ನಿಯ ಆಸೆಯಲ್ಲಿದ್ದ ನನಗೂ ಅಳು ಬಂತು.

ಮಳೆಗಾಲದಲ್ಲಿ ಉಂಬಳದ, ಅಂದ್ರೆ ಜಿಗಣೆಯ ಸರದಿ. ಅದುವರೆಗೆ ಉಂಬಳ ಅಂದ್ರೆ ಸೊಂಟಕ್ಕೆ ಹತ್ತಿ ಕೂರುತ್ತಿದ್ದವಳು, ಈಗ ಅದನ್ನು ಕಡ್ಡಿ ಮೇಲೆ ಹತ್ತಿಸಿ ಎರಡೂ ತುದಿಯ ಹಿಡಿತ ನೋಡುತ್ತಾಳೆ. ಅದಕ್ಕೆ ಹತ್ತು ಕಣ್ಣು ಅಂತ ಹೇಳಿ ನಾನೇ ಸಿಕ್ಕಿಬಿದ್ದೆ. ಎಣಿಸಿ ತೋರಿಸು ಅಂತಾಳೆ. ಈ ಗಾಜಿಗೆ ಅಷ್ಟು ಶಕ್ತಿ ಇಲ್ಲ.

ಹಿಡಿಯುವುದನ್ನು ಮಾತ್ರ ಕಲಿಸಬೇಕು. ಮೊದಲು ವಸ್ತುವಿನ ಹತ್ತಿರವೇ ಇಟ್ಟು, ನಿಧಾನಕ್ಕೆ ಮೇಲೆತ್ತುತ್ತಾ ಬರಬೇಕು. ಮಸುಕಾಗುವ ಮುಂಚೆ ನಿಲ್ಲಿಸಬೇಕು. ಎರಡು ದಿನದಲ್ಲಿ ಕಲಿತಳು.

ತೊಂದರೆ ಇಲ್ಲ ಅಂತಲ್ಲ. ಚೀಲ ಕೊಡಲ್ಲ, ಹಾಗಾಗಿ ಬೇಗ ಗೀರು ಬೀಳುತ್ತದೆ. ನಾನು ಹಳೇ ಕಾಲುಚೀಲದಲ್ಲಿ ಇಡುತ್ತೇನೆ. ಹಿಡಿ ಆಗಲೇ ಸಡಿಲ ಆಗಿದೆ. ಮಳೆಯಲ್ಲಿ ಮಂಜು ಕಟ್ಟುತ್ತದೆ. ಬಿಸಿಲಿದ್ದಾಗ ಮಗುವಿನ ಪಕ್ಕದಲ್ಲೇ ಇರಿ: ತರಗೆಲೆ ಹೊತ್ತಿಕೊಳ್ಳುತ್ತದೆ, ಇದರಲ್ಲಿ ಸೂರ್ಯನನ್ನು ನೋಡಿದರೆ ಕಣ್ಣೇ ಹೋಗಬಹುದು. ಬೇಸಿಗೆಯ ತೋಟದಲ್ಲಂತೂ ನಾನು ಮರದ ನೆರಳಲ್ಲಿ ಬಿಟ್ಟರೆ ಬೇರೆಲ್ಲೂ ಕೊಡಲ್ಲ.

ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಎರಡು ತಗೊಳ್ಳಿ. ಮೂರು ವರ್ಷದ ಮಗ ಜಗಳ ಶುರು ಮಾಡಿದ ಮೇಲೆ ನಾನೂ ಇನ್ನೊಂದು ತಂದೆ. ಬೈನಾಕ್ಯುಲರ್ ಈಗ ಗೊಂಬೆಯ ಕೊರಳಲ್ಲಿದೆ.